‘ಇವರಿಗೆ ಪಾಠ ಯಾಕೆ?’ ಎಂದ ಸರ್ಕಾರ, ಕೋರ್ಟಿಗೆ ಹೋದ ಮಕ್ಕಳ ಮನೆಗಳು: ಕೇಪ್‌ಟೌನಿನ ಒಂದು ಪ್ರಕರಣ

ದಕ್ಷಿಣ ಆಫ್ರಿಕಾದಲ್ಲಿ ಕೇಪ್‌ಟೌನ್ ಇರುವ ಪ್ರಾಂತ್ಯ ವೆಸ್ಟರ್ನ್ ಕೇಪ್. ಅಲ್ಲಿನ ಹೈಕೋರ್ಟಿನ ಮುಂದೆ ಬಂದ ಒಂದು ಕಡತದಲ್ಲಿ ಮೂರು ಅಂಕಿಗಳಿದ್ದವು. ಸಾಮಾನ್ಯ ಶಾಲೆಗೆ ಹೋಗುವ ಒಂದು ಮಗುವಿಗೆ ಸರ್ಕಾರ ವರ್ಷಕ್ಕೆ ಮಾಡುತ್ತಿದ್ದ ಖರ್ಚು 6,632 ರ‍್ಯಾಂಡ್. ವಿಶೇಷ ಶಾಲೆಯ ಮಗುವಿಗೆ 26,767 ರ‍್ಯಾಂಡ್. ತೀವ್ರ ಬೌದ್ಧಿಕ ಅಂಗವೈಕಲ್ಯ ಇರುವ ಮಗುವಿಗೆ 5,092 ರ‍್ಯಾಂಡ್. ಈ ಕೊನೆಯ ಮೊತ್ತವನ್ನು ದಿನಕ್ಕೆ ಹಂಚಿದರೆ ಸುಮಾರು 14 ರ‍್ಯಾಂಡ್. ಅದೂ ಶಿಕ್ಷಣ ಇಲಾಖೆಯ ದುಡ್ಡಲ್ಲ, ಆರೋಗ್ಯ ಇಲಾಖೆ ಕೊಡುತ್ತಿದ್ದ ಸಹಾಯಧನ. ಎತ್ತಿ ಕೂರಿಸಬೇಕಾದ, ತುತ್ತು ಉಣಿಸಬೇಕಾದ, ಡೈಪರ್ ಬದಲಿಸಬೇಕಾದ, ಫಿಟ್ಸ್ ಬಂದಾಗ ಪಕ್ಕದಲ್ಲೇ ಇರಬೇಕಾದ ಮಗುವಿಗೆ ಎಲ್ಲರಿಗಿಂತ ಕಡಿಮೆ ಪಾಲು.

‘ಆಫ್ರಿಕಾದಲ್ಲಿರುವ ಒಂದು ವಿಶೇಷ ಮಕ್ಕಳ ಮನೆಗೆ ಏನಾದರೂ ಮಾಡಬೇಕು ಅನ್ನಿಸಿದೆ, ಏನು ಕಳಿಸಲಿ?’ ಎಂದು ಪರಿಚಯದವರು ಕೇಳಿದಾಗಲೆಲ್ಲ ನಾನು ಈ ಪ್ರಕರಣದ ವಿಷಯ ಎತ್ತುತ್ತೇನೆ. ಇದು ಒಂದು ದೇಶದ ಒಂದು ಪ್ರಾಂತ್ಯದ ಕತೆ, ಇಡೀ ಖಂಡದ್ದಲ್ಲ. ಆದರೂ ಇಂಥ ಮನೆಗಳಿಗೆ ನಿಜವಾಗಿ ಏನು ಬೇಕು ಎಂಬುದನ್ನು ಪಟ್ಟಿ ಮಾಡಿ ಕೊಟ್ಟಿದ್ದು ಇಲ್ಲಿ ಯಾವ ದಾನಿಯೂ ಅಲ್ಲ, ಒಂದು ನ್ಯಾಯಾಲಯ. ಆ ಪಟ್ಟಿಯಲ್ಲಿ ಆಟಿಕೆಯಾಗಲಿ, ಗೋಡೆಗೆ ಬಣ್ಣವಾಗಲಿ ಇಲ್ಲ.

ಮನೆಗಳು ಹುಟ್ಟಿದ ಜಾಗ

ಕೇಪ್‌ಟೌನ್ ಎಂದರೆ ನಮ್ಮ ಕಣ್ಣಿಗೆ ಬರುವುದು ಟೇಬಲ್ ಮೌಂಟನ್ ಮತ್ತು ಸಮುದ್ರ. ನಾನು ಹೇಳುತ್ತಿರುವ ಮಕ್ಕಳು ಹೆಚ್ಚಾಗಿ ಇರುವುದು ಆ ಬೆಟ್ಟದಿಂದ ಆಚೆ, ಕೇಪ್ ಫ್ಲ್ಯಾಟ್ಸ್ ಎಂಬ ಮರಳು ಬಯಲಿನಲ್ಲಿ. 1950ರ ಗ್ರೂಪ್ ಏರಿಯಾಸ್ ಕಾಯ್ದೆ ಯಾವ ಬಣ್ಣದವರು ಎಲ್ಲಿ ಬದುಕಬೇಕು ಎಂದು ನಿಗದಿ ಮಾಡಿತು. 1966ರಲ್ಲಿ ನಗರದ ಮಧ್ಯದ ಡಿಸ್ಟ್ರಿಕ್ಟ್ ಸಿಕ್ಸ್ ಬಡಾವಣೆಯನ್ನು ಬಿಳಿಯರಿಗೆ ಮಾತ್ರ ಎಂದು ಸಾರಿದ ಮೇಲೆ ಅಲ್ಲಿದ್ದವರನ್ನು ಎಬ್ಬಿಸಿ ಈ ಬಯಲಿಗೆ ಅಟ್ಟಲಾಯಿತು. 1980ರ ದಶಕದಲ್ಲಿ ಖಯೆಲಿಟ್ಶಾ ಎಂಬ ದೊಡ್ಡ ವಸತಿ ತಲೆ ಎತ್ತಿತು. ಊರಿನ ಆಸ್ಪತ್ರೆ, ಕಚೇರಿ, ಒಳ್ಳೆಯ ಶಾಲೆ ಎಲ್ಲವೂ ದೂರ ಉಳಿದವು. ಅಂಗವೈಕಲ್ಯ ಇರುವ ಮಗುವಿನ ತಾಯಿಗೆ ಈ ದೂರ ಏನು ಮಾಡುತ್ತದೆ ಎಂಬುದಕ್ಕೆ ಮುಂದೆ ಬರುತ್ತೇನೆ.

ಈ ಪ್ರಾಂತ್ಯದಲ್ಲಿ ಮಕ್ಕಳ ಮೆದುಳಿಗೆ ಪೆಟ್ಟು ಕೊಡುವ ಕಾರಣಗಳು ಹಲವು. ಹೆರಿಗೆಯ ಹೊತ್ತಿನಲ್ಲಿ ಉಸಿರು ಸಿಗದೆ ಆಗುವ, ಕೈಕಾಲಿನ ಹಿಡಿತ ತಪ್ಪಿಸುವ ಸೆರೆಬ್ರಲ್ ಪಾಲ್ಸಿ ಎಲ್ಲ ಕಡೆ ಇರುವಂಥದ್ದೇ. ಕ್ಷಯ ಹೆಚ್ಚಿರುವ ಪ್ರದೇಶವಾದ್ದರಿಂದ ಎಳೆಯ ಮಕ್ಕಳಿಗೆ ಮೆದುಳಿನ ಪೊರೆಯ ಕ್ಷಯ ತಗಲುತ್ತದೆ. ಬದುಕಿ ಉಳಿದರೂ ಎಷ್ಟೋ ಮಕ್ಕಳು ಮಾತು, ನಡಿಗೆ ಕಳೆದುಕೊಳ್ಳುತ್ತಾರೆ. ಇನ್ನೊಂದು ಕಾರಣ ಗರ್ಭದಲ್ಲಿರುವಾಗಲೇ ಮದ್ಯದಿಂದ ಆಗುವ ಹಾನಿ. ಜಗತ್ತಿನಲ್ಲಿ ದಾಖಲಾದ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ವೆಸ್ಟರ್ನ್ ಕೇಪ್‌ನದ್ದೂ ಒಂದು. ಇದಕ್ಕೆ ತಾಯಂದಿರನ್ನು ಬೈಯುವ ಮೊದಲು ಒಂದು ಮಾತು: ಈ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ತಲೆಮಾರುಗಟ್ಟಲೆ ‘ಡಾಪ್’ ಎಂಬ ಪದ್ಧತಿ ಇತ್ತು. ಕೂಲಿಯ ಒಂದು ಪಾಲನ್ನು ದುಡ್ಡಿನ ಬದಲು ವೈನ್ ಆಗಿ ಕೊಡುತ್ತಿದ್ದರು. ಕುಡಿತವನ್ನು ಸಂಬಳದ ಚೀಟಿಯಲ್ಲೇ ಬರೆದು ಕೊಟ್ಟ ಹಾಗೆ. ಪದ್ಧತಿ ಹೋದರೂ ಚಟ ಮನೆಗಳಲ್ಲಿ ಉಳಿಯಿತು.

ಬುದ್ಧಿಮಟ್ಟದ ಅಂಕ 35ಕ್ಕಿಂತ ಕಡಿಮೆ ಇದ್ದ ಮಗುವನ್ನು ಸರ್ಕಾರಿ ಸಾಮಾನ್ಯ ಶಾಲೆಗೂ ಸೇರಿಸಿಕೊಳ್ಳುತ್ತಿರಲಿಲ್ಲ, ವಿಶೇಷ ಶಾಲೆಗೂ ಸೇರಿಸಿಕೊಳ್ಳುತ್ತಿರಲಿಲ್ಲ. 20ರಿಂದ 35 ಇದ್ದರೆ ‘ತೀವ್ರ’, 20ಕ್ಕಿಂತ ಕೆಳಗಿದ್ದರೆ ‘ಅತಿ ತೀವ್ರ’. ಹೀಗೆ ಬಾಗಿಲು ಮುಚ್ಚಿಸಿಕೊಂಡ ಮಕ್ಕಳಿಗೆ ಉಳಿದದ್ದು ಸ್ಪೆಷಲ್ ಕೇರ್ ಸೆಂಟರ್‌ಗಳು, ಅಂದರೆ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಆರೈಕೆಯ ಮನೆಗಳು. ಚರ್ಚಿನ ಹಾಲ್, ಹಡಗಿನ ಸರಕು ಸಾಗಿಸುವ ಹಳೇ ಕಂಟೇನರ್, ಯಾರದೋ ಮನೆಯ ಮುಂದಿನ ಕೋಣೆ, ಹೀಗೆ ಸಿಕ್ಕ ಜಾಗದಲ್ಲಿ ನಡೆಯುವಂಥವು. ಬಹುಪಾಲು ಹಗಲಿನ ಮನೆಗಳು. ಬೆಳಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಹೋಗುವುದು. ಕೆಲವು ಕಡೆ ಮಾತ್ರ ಮಕ್ಕಳು ಅಲ್ಲೇ ಉಳಿಯುತ್ತಾರೆ. ನಡೆಸುವವರಲ್ಲಿ ಎಷ್ಟೋ ಜನ ಸ್ವತಃ ಇಂಥ ಮಗುವಿನ ತಾಯಂದಿರು. ತಮ್ಮ ಮಗುವನ್ನು ಯಾರೂ ಸೇರಿಸಿಕೊಳ್ಳದಿದ್ದಾಗ ಪಕ್ಕದ ಮನೆಯ ಮಗುವನ್ನೂ ಕೂರಿಸಿಕೊಂಡು ಶುರು ಮಾಡಿದವರು.

ಒಂದು ಊಟ

ನಮ್ಮ ಮನೆಯಲ್ಲೂ ಇಂಥ ಒಂದು ಮಗು ಬೆಳೆದಿದೆ, ನನ್ನ ತಂಗಿಯ ಮಗಳು. ಹಾಗಾಗಿ ಆ ಮನೆಗಳ ಮಧ್ಯಾಹ್ನ ಹೇಗಿರುತ್ತದೆ ಎಂದು ಊಹಿಸಲು ನನಗೆ ಕಷ್ಟವಿಲ್ಲ. ಅಲ್ಲಿ ಮೆಕ್ಕೆಜೋಳದ ಹಿಟ್ಟಿನ ‘ಪ್ಯಾಪ್’, ಇಲ್ಲಿ ರಾಗಿ ಸರಿ. ಹದ ಒಂದೇ: ತೀರಾ ನೀರಾದರೆ ಶ್ವಾಸನಾಳಕ್ಕೆ ಇಳಿಯುತ್ತದೆ, ಗಟ್ಟಿಯಾದರೆ ಗಂಟಲಲ್ಲಿ ನಿಲ್ಲುತ್ತದೆ. ಮಗುವನ್ನು ಮಲಗಿಸಿ ಉಣಿಸುವಂತಿಲ್ಲ. ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಿ, ಗದ್ದ ತುಸು ಕೆಳಗೆ ಬರುವಂತೆ ತಲೆ ಹಿಡಿದು, ಚಮಚವನ್ನು ನಾಲಿಗೆಯ ಮೇಲೆ ಮೆತ್ತಗೆ ಒತ್ತಿ, ನುಂಗುವವರೆಗೆ ಕಾಯಬೇಕು. ಒಂದು ಕೆಮ್ಮು ಬಂದರೆ ನಿಲ್ಲಿಸಬೇಕು. ಒಂದು ಬಟ್ಟಲು ಮುಗಿಯಲು ಮುಕ್ಕಾಲು ಗಂಟೆ. ಆತುರಪಟ್ಟರೆ ಅನ್ನ ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗುತ್ತದೆ. ಇಂಥ ಮಕ್ಕಳು ಎಷ್ಟೋ ಸಲ ಸಾಯುವುದು ಹಾಗೆಯೇ.

ಈಗ ಲೆಕ್ಕ ಹಾಕಿ. ಒಬ್ಬ ಆರೈಕೆಗಾರ್ತಿಯ ಮುಂದೆ ಹೀಗೆ ಉಣಿಸಬೇಕಾದ ಎಂಟು ಮಕ್ಕಳಿದ್ದರೆ ಊಟಕ್ಕೇ ಆರು ಗಂಟೆ. ಅಷ್ಟು ಹೊತ್ತು ಯಾರ ಬಳಿಯೂ ಇಲ್ಲ. ಆದ್ದರಿಂದ ಒಂದೋ ಆತುರ, ಇಲ್ಲವೇ ಅರೆಹೊಟ್ಟೆ. ಇದು ಆಕೆಯ ಪ್ರೀತಿ ಕಡಿಮೆಯಾಗಿ ಆಗುವುದಲ್ಲ, ಕೈಗಳು ಕಡಿಮೆಯಾಗಿ ಆಗುವುದು. ಮನೆಗೆ ಇನ್ನೊಂದು ಜೊತೆ ಕೈ ಕೊಡುವುದು ಎಲ್ಲಕ್ಕಿಂತ ದೊಡ್ಡ ನೆರವು ಎಂದು ನಾನು ನಂಬುವುದು ಈ ಲೆಕ್ಕದಿಂದ.

ಊಟ ಮಾಡಿಸುವುದೇ ಪಾಠವೂ ಹೌದು. ಚಮಚ ಹತ್ತಿರ ಬಂದಾಗ ಬಾಯಿ ತೆರೆಯುವುದು, ಬೇಡ ಎಂದಾಗ ಮುಖ ತಿರುಗಿಸುವುದು, ಎರಡು ಬಟ್ಟಲು ಮುಂದಿಟ್ಟರೆ ಕಣ್ಣಿನಲ್ಲೇ ಒಂದನ್ನು ಆರಿಸುವುದು. ನಮ್ಮ ಹುಡುಗಿ ‘ಸಾಕು’ ಎಂದು ಕೈ ಎತ್ತಿ ತೋರಿಸಲು ಕಲಿತಾಗ ಅವಳಿಗೆ ಒಂಬತ್ತು ವರ್ಷ. ಅವತ್ತು ನನ್ನ ತಂಗಿ ಅಡುಗೆಮನೆಯಲ್ಲಿ ನಿಂತು ಅತ್ತಳು. ‘ಈ ಮಕ್ಕಳು ಕಲಿಯಲಾರರು’ ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ಆ ಎತ್ತಿದ ಕೈ ನೆನಪಾಗುತ್ತದೆ.

ಅರ್ಜಿ ಮತ್ತು ತೀರ್ಪು

ಆ ಮಾತನ್ನು ಸರ್ಕಾರ ಕಾಗದದ ಮೇಲೆಯೇ ಹೇಳಿತ್ತು. ಇಂಥ ಮನೆಗಳನ್ನು ಒಗ್ಗೂಡಿಸಿದ ವೆಸ್ಟರ್ನ್ ಕೇಪ್ ಫೋರಂ ಫಾರ್ ಇಂಟಲೆಕ್ಚುವಲ್ ಡಿಸೆಬಿಲಿಟಿ ಎಂಬ ಒಕ್ಕೂಟ 2007ರಲ್ಲಿ ರಾಷ್ಟ್ರ ಸರ್ಕಾರದ ಮೇಲೂ ಪ್ರಾಂತ್ಯ ಸರ್ಕಾರದ ಮೇಲೂ ಹೈಕೋರ್ಟಿನಲ್ಲಿ ಅರ್ಜಿ ಹಾಕಿತು. ಈ ಮಕ್ಕಳಿಗೂ ಮೂಲಶಿಕ್ಷಣ ಹಕ್ಕು, ಅದನ್ನು ಸರ್ಕಾರ ಕೊಟ್ಟಿಲ್ಲ ಎಂಬುದು ವಾದ. ಸರ್ಕಾರದ ಉತ್ತರದಲ್ಲಿ ಎರಡು ಎಳೆಗಳಿದ್ದವು. ಎಷ್ಟು ಪಾಠ ಮಾಡಿದರೂ ಈ ಮಕ್ಕಳಿಗೆ ಪ್ರಯೋಜನವಿಲ್ಲ ಎಂಬುದು ಒಂದು. ಹಣ ಸೀಮಿತ, ನಮ್ಮ ನೀತಿ ಸಮಂಜಸವಾಗಿಯೇ ಇದೆ ಎಂಬುದು ಇನ್ನೊಂದು.

ಇಲ್ಲಿ ದಾನ ಮಾಡುವವರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಜನ ದೇಣಿಗೆ ಕೊಟ್ಟು, ತಾಯಂದಿರು ದುಡಿದು ನಡೆಸುತ್ತಿದ್ದ ಮನೆಗಳಿದ್ದವು. ಅವಕ್ಕೆ ಸಹಾಯಧನ ಕೊಡುತ್ತಿದ್ದೇವಲ್ಲ ಎಂದು ಸರ್ಕಾರ ಕೈತೊಳೆದುಕೊಳ್ಳಲು ದಾರಿಯಿತ್ತು. ಅಂದರೆ ಒಳ್ಳೆಯವರ ದಾನ ಹೊಣೆ ಇದ್ದವರಿಗೆ ನೆಪವಾಗಿತ್ತು. ಒಕ್ಕೂಟದವರು ಹೆಚ್ಚು ದಾನ ಕೇಳುವ ಬದಲು ಕೋರ್ಟಿನ ಮೆಟ್ಟಿಲು ಹತ್ತಿದ್ದು ಇದಕ್ಕಾಗಿ.

2010ರ ನವೆಂಬರ್ 11ರಂದು ನ್ಯಾಯಮೂರ್ತಿ ಕ್ಲೀವರ್ ತೀರ್ಪು ಕೊಟ್ಟರು. ದಕ್ಷಿಣ ಆಫ್ರಿಕಾದ ಸಂವಿಧಾನದ 29ನೇ ವಿಧಿ ಮೂಲಶಿಕ್ಷಣವನ್ನು ಎಲ್ಲರಿಗೂ ಕೊಟ್ಟಿದೆ. ವಸತಿ, ಆರೋಗ್ಯದ ವಿಧಿಗಳಲ್ಲಿರುವ ‘ಲಭ್ಯ ಸಂಪನ್ಮೂಲದ ಮಿತಿಯಲ್ಲಿ, ಹಂತಹಂತವಾಗಿ’ ಎಂಬ ಷರತ್ತು ಇದಕ್ಕಿಲ್ಲ. ಆದ್ದರಿಂದ ದುಡ್ಡಿಲ್ಲ ಎಂಬ ಕಾರಣ ನಿಲ್ಲಲಿಲ್ಲ. ಈ ಮಕ್ಕಳ ಸಮಾನತೆ, ಘನತೆ, ಶಿಕ್ಷಣ ಮತ್ತು ನಿರ್ಲಕ್ಷ್ಯದಿಂದ ರಕ್ಷಣೆ, ಈ ನಾಲ್ಕೂ ಹಕ್ಕುಗಳಿಗೆ ಚ್ಯುತಿಯಾಗಿದೆ ಎಂದು ಕೋರ್ಟು ಘೋಷಿಸಿತು. ತನ್ನಲ್ಲಿರುವ ಶಕ್ತಿಯಷ್ಟಾದರೂ ಬೆಳೆಯಲು ಬಿಡದಿರುವುದೇ ಒಂದು ಮಗುವನ್ನು ಕೀಳುಮಾಡಿದಂತೆ ಎಂಬುದು ಆ ತೀರ್ಪಿನ ಭಾವ. ನನ್ನ ಮಟ್ಟಿಗೆ ಇಡೀ ತೀರ್ಪಿನ ಜೀವ ಅಲ್ಲಿದೆ. ಶಿಕ್ಷಣವನ್ನು ಮಾರ್ಕ್ಸು, ನೌಕರಿಯಿಂದ ಅಳೆಯದೆ, ಎತ್ತಿದ ಒಂದು ಕೈಯಿಂದ ಅಳೆದ ತೀರ್ಪು ಅದು.

ಆದೇಶ ಹೀಗಿತ್ತು: ತೀವ್ರ ಮತ್ತು ಅತಿ ತೀವ್ರ ಬೌದ್ಧಿಕ ಅಂಗವೈಕಲ್ಯದ ಪ್ರತಿ ಮಗುವಿಗೂ ಕೈಗೆಟುಕುವ, ತಕ್ಕಮಟ್ಟದ ಮೂಲಶಿಕ್ಷಣ ಸಿಗಬೇಕು. ಈ ಮನೆಗಳನ್ನು ನಡೆಸುವ ಸಂಸ್ಥೆಗಳಿಗೆ ಸಾಕಷ್ಟು ಹಣ ಕೊಡಬೇಕು. ಮಕ್ಕಳು ಬಂದುಹೋಗಲು ಸೂಕ್ತ ವಾಹನ ಇರಬೇಕು. ಅಲ್ಲಿನ ಸಿಬ್ಬಂದಿಗೆ ತರಬೇತಿ, ಮಾನ್ಯತೆ, ಸರಿಯಾದ ಸಂಬಳ ಸಿಗಬೇಕು. ಈ ಮಕ್ಕಳಿಗೆ ಕಲಿಸುವವರನ್ನು ಸಿದ್ಧಪಡಿಸಬೇಕು. ಏನು ಮಾಡಿದಿರಿ ಎಂದು ಹನ್ನೆರಡು ತಿಂಗಳೊಳಗೆ ಕೋರ್ಟಿಗೆ ವರದಿ ಒಪ್ಪಿಸಬೇಕು.

ಆದೇಶವನ್ನೇ ಪಟ್ಟಿಯಾಗಿ ಹಿಡಿದರೆ

ವಾಹನದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ದೂರದಿಂದ ನೋಡುವ ದಾನಿಗೆ ಇದು ತೋಚುವುದೇ ಇಲ್ಲ. ಕೇಪ್ ಫ್ಲ್ಯಾಟ್ಸ್‌ನಲ್ಲಿ ಜನ ಓಡಾಡುವುದು ಮಿನಿಬಸ್ ಟ್ಯಾಕ್ಸಿಗಳಲ್ಲಿ. ಒಬ್ಬರ ಮೇಲೊಬ್ಬರು ತುಂಬಿಕೊಂಡು ಹೋಗುವ ಆ ಗಾಡಿಯಲ್ಲಿ ವೀಲ್‌ಚೇರಿಗೆ ಜಾಗವಿಲ್ಲ. ಹತ್ತಿಸಿಕೊಂಡರೂ ಇನ್ನೊಂದು ಸೀಟಿನ ದುಡ್ಡು ಕೇಳುವುದುಂಟು. ಹತ್ತು ವರ್ಷದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ತಾಯಿ ಎಷ್ಟು ದೂರ ನಡೆದಾಳು? ಜೂನ್‌ನಿಂದ ಆಗಸ್ಟ್‌ವರೆಗಿನ ಚಳಿಗಾಲದ ಮಳೆಯಲ್ಲಿ ಆ ಬಯಲಿನ ಗುಡಿಸಲುಗಳ ನಡುವೆ ನೀರು ನಿಲ್ಲುತ್ತದೆ. ಮನೆ ಇದೆ, ಆಯಾ ಇದ್ದಾಳೆ, ಊಟ ಇದೆ, ಮಗು ಮಾತ್ರ ಬರಲಾಗುವುದಿಲ್ಲ. ಒಂದು ವ್ಯಾನಿನ ತಿಂಗಳ ಡೀಸೆಲ್ಲು, ಚಾಲಕನ ಸಂಬಳ, ವರ್ಷದ ವಿಮೆ: ಇವಕ್ಕೆ ಹಣ ಕೊಟ್ಟರೆ ಫೋಟೊ ತೆಗೆಸಿಕೊಳ್ಳಲು ಏನೂ ಸಿಗುವುದಿಲ್ಲ. ಆದರೆ ಆ ಮಗು ಮನೆ ಮುಟ್ಟುತ್ತದೆ.

ಸಂಬಳದ ವಿಷಯವೂ ಹಾಗೇ. ಕಟ್ಟಡಕ್ಕೆ ಹಣ ಹುಟ್ಟುತ್ತದೆ, ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು. ಆಯಾಳ ಸಂಬಳಕ್ಕೆ ಹುಟ್ಟುವುದಿಲ್ಲ. ಕೇಳಿದರೆ ‘ಅದು ಆಡಳಿತ ವೆಚ್ಚ’ ಎನ್ನುತ್ತಾರೆ. ಇಂಥ ಮನೆಯಲ್ಲಿ ಆಡಳಿತ ವೆಚ್ಚ ಎಂದು ಕರೆಯುವುದೇ ಮಗುವಿನ ಬಾಯಿಗೆ ಚಮಚ ಹಿಡಿಯುವ ಕೈ. ವರ್ಷಕ್ಕೊಮ್ಮೆ ದೊಡ್ಡ ಮೊತ್ತ ಕೊಡುವವರಿಗಿಂತ ಮೂರು ವರ್ಷ ತಪ್ಪದೆ ತಿಂಗಳಿಗೊಂದು ಸಣ್ಣ ಮೊತ್ತ ಕೊಡುವವರಿಂದ ಮನೆಗೆ ಹೆಚ್ಚು ಉಪಯೋಗ. ಏಕೆಂದರೆ ತಿಂಗಳ ಕೊನೆಗೆ ಸಂಬಳ ಬರುತ್ತದೋ ಇಲ್ಲವೋ ಎಂದು ಗೊತ್ತಿಲ್ಲದ ಆಯಾ ನಿಲ್ಲುವುದಿಲ್ಲ. ಅವಳು ಹೋದರೆ, ಅವಳ ಕೈಗೆ ಒಗ್ಗಿದ್ದ ಮಕ್ಕಳು ವಾರಗಟ್ಟಲೆ ಸರಿಯಾಗಿ ಉಣ್ಣುವುದಿಲ್ಲ. ಎರಡು ವಾರ ಬಂದು ಮಕ್ಕಳ ಜೊತೆ ಆಡಿ ಹೋಗುವ ವಿದೇಶಿ ಸ್ವಯಂಸೇವಕರ ಬಗ್ಗೆ ನನಗೆ ಅಷ್ಟು ಒಲವಿಲ್ಲದ್ದೂ ಇದೇ ಕಾರಣಕ್ಕೆ. ಫಿಸಿಯೋಥೆರಪಿಯಂಥ ಕಸುಬು ಬಲ್ಲವರು ಬಂದು ಆಯಾಗಳಿಗೆ ಕಲಿಸಿ ಹೋದರೆ ಅದು ಬೇರೆ ಮಾತು.

ವೀಲ್‌ಚೇರ್ ಬಗ್ಗೆ ಒಂದು ಎಚ್ಚರಿಕೆ. ಹಳೆಯ ವೀಲ್‌ಚೇರ್ ಒಟ್ಟುಮಾಡಿ ಕಳಿಸುವುದು ಬಹಳ ಜನರಿಗೆ ಹೊಳೆಯುವ ಯೋಚನೆ. ಬೆನ್ನು ಬಾಗಿದ ಮಗುವನ್ನು ದೊಡ್ಡವರ ಆಸ್ಪತ್ರೆ ಕುರ್ಚಿಯಲ್ಲಿ ಕೂರಿಸಿದರೆ ಬೆನ್ನು ಇನ್ನಷ್ಟು ಬಾಗುತ್ತದೆ, ಚರ್ಮ ಹುಣ್ಣಾಗುತ್ತದೆ, ನುಂಗುವುದು ಕಷ್ಟವಾಗುತ್ತದೆ. ಅಳತೆ ನೋಡಿ, ಹೊಂದಿಸಿ, ಬಳಸಲು ಕಲಿಸಿ, ಆಮೇಲೂ ನೋಡಿಕೊಳ್ಳಬೇಕು ಎಂಬುದು ಬಡ ಪ್ರದೇಶಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಸಾರ. ಕೇಪ್‌ಟೌನಿನಲ್ಲೇ ಇದಕ್ಕೆ ಒಂದು ಒಳ್ಳೆಯ ಮಾದರಿ ಇದೆ. ಶೋನಾ ಮೆಕ್‌ಡೊನಾಲ್ಡ್ ಎಂಬ ತಾಯಿ ತನ್ನ ಸೆರೆಬ್ರಲ್ ಪಾಲ್ಸಿ ಇದ್ದ ಮಗಳಿಗೆ ಸರಿಯಾದ ಆಸನ ಸಿಗದೆ ತಾನೇ ಮಾಡಿಸಲು ಹೊರಟು, 1992ರಲ್ಲಿ ಶೋನಾಕ್ವಿಪ್ ಸಂಸ್ಥೆ ಕಟ್ಟಿದರು. ಅಲ್ಲಿನ ಮಣ್ಣು ರಸ್ತೆಗೆ, ಅಲ್ಲಿನ ಮಕ್ಕಳ ಮೈಗೆ ಹೊಂದುವ ಕುರ್ಚಿಗಳನ್ನು ಅಲ್ಲೇ ತಯಾರಿಸುವ ಕೆಲಸ. ಇಂಥದ್ದು ಇರುವಾಗ ಹಡಗಿನಲ್ಲಿ ಹಳೇ ಕುರ್ಚಿ ಕಳಿಸುವ ಖರ್ಚನ್ನು ಆ ಮನೆಯ ಕೈಗೇ ಕೊಟ್ಟರೆ, ಒಂದು ಮಗುವಿಗಾದರೂ ಸರಿಯಾದ ಆಸನ ಬರುತ್ತದೆ.

ಡೈಪರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದೊಡ್ಡ ಮಕ್ಕಳ ಅಳತೆಯದು ದುಬಾರಿ, ಪ್ರತಿದಿನ ಬೇಕು, ಮತ್ತು ಕೇಳಲು ಸಂಕೋಚ.

ದುಡ್ಡಿಲ್ಲದೆ ಹೊಣೆ ಮಾತ್ರ ದಾಟಿಸಿದರೆ

ಈ ತೀರ್ಪು ಬಂದ ಐದು ವರ್ಷಕ್ಕೆ ಅದೇ ದೇಶದ ಇನ್ನೊಂದು ಪ್ರಾಂತ್ಯದಲ್ಲಿ ನಡೆದದ್ದನ್ನು ಹೇಳದಿದ್ದರೆ ಈ ಪ್ರಕರಣ ಅರ್ಧವಾಗುತ್ತದೆ. ಜೊಹಾನ್ಸ್‌ಬರ್ಗ್ ಇರುವ ಗೌಟೆಂಗ್‌ನಲ್ಲಿ, ಲೈಫ್ ಎಸಿಡಿಮೇನಿ ಎಂಬ ಖಾಸಗಿ ಆರೈಕೆ ಕೇಂದ್ರಗಳ ಜೊತೆಗಿದ್ದ ಒಪ್ಪಂದವನ್ನು ಮುಗಿಸುವುದಾಗಿ ಪ್ರಾಂತ್ಯದ ಆರೋಗ್ಯ ಇಲಾಖೆ 2015ರ ಅಕ್ಟೋಬರಿನಲ್ಲಿ ಘೋಷಿಸಿತು. ಮನೋರೋಗ ಮತ್ತು ಬೌದ್ಧಿಕ ಅಂಗವೈಕಲ್ಯ ಇದ್ದ ಸಾವಿರಕ್ಕೂ ಹೆಚ್ಚು ಜನರನ್ನು, ಬಹುಪಾಲು ವಯಸ್ಕರನ್ನು, ಸ್ವಯಂಸೇವಾ ಸಂಸ್ಥೆಗಳ ಮನೆಗಳಿಗೆ ಸಾಗಿಸಲಾಯಿತು. ಮೊದಲು ಒಬ್ಬರಿಗೆ ದಿನಕ್ಕೆ 320 ರ‍್ಯಾಂಡ್ ಕೊಡುತ್ತಿದ್ದಲ್ಲಿ ಈ ಮನೆಗಳಿಗೆ ಗೊತ್ತುಮಾಡಿದ್ದು 112 ರ‍್ಯಾಂಡ್. ಅದೂ ಎಷ್ಟೋ ಮನೆಗಳಿಗೆ ತಿಂಗಳುಗಟ್ಟಲೆ ಬರಲಿಲ್ಲ. ಸೊವೆಟೊದಲ್ಲಿ ಮಕ್ಕಳಿಗಾಗಿಯೇ ಇದ್ದ ಒಂದು ಮನೆಗೆ 54 ಜನರನ್ನು ಕಳಿಸಲು ಹೊರಟಾಗ ಅದನ್ನು ತಡೆಯಿರಿ ಎಂದು ಮನೋರೋಗಿಗಳ ಪರ ಕೆಲಸ ಮಾಡುವ ಸಂಘಟನೆಯವರು 2016ರ ಮಾರ್ಚಿನಲ್ಲಿ ಕೋರ್ಟಿಗೆ ಮೊರೆಹೋದರು. ತಡೆ ಸಿಗಲಿಲ್ಲ.

ಆರೋಗ್ಯ ಓಂಬುಡ್ಸ್‌ಮನ್ ಮಲೆಗಾಪುರು ಮಕ್ಗೋಬಾ 2017ರ ಫೆಬ್ರವರಿ 1ರಂದು ಕೊಟ್ಟ ವರದಿ ಪ್ರಕಾರ ಆ 27 ಸಂಸ್ಥೆಗಳಲ್ಲಿ ಒಂದಕ್ಕೂ ಸಿಂಧುವಾದ ಪರವಾನಗಿ ಇರಲಿಲ್ಲ. ಕೊನೆಗೆ ಲೆಕ್ಕಕ್ಕೆ ಸಿಕ್ಕ ಸಾವುಗಳು 144. ಹಸಿವು, ನೀರಡಿಕೆ, ಚಳಿ, ನಿಂತುಹೋದ ಔಷಧ. ನಿವೃತ್ತ ಉಪ ಮುಖ್ಯ ನ್ಯಾಯಮೂರ್ತಿ ಡಿಕ್‌ಗಾಂಗ್ ಮೊಸೆನೆಕೆ 2018ರ ಮಾರ್ಚಿನಲ್ಲಿ ಕುಟುಂಬಗಳಿಗೆ ತಲಾ 12 ಲಕ್ಷ ರ‍್ಯಾಂಡ್ ಪರಿಹಾರ ಕೊಡಿಸಿದರು.

ಕೇಪ್‌ಟೌನಿನ ಒಕ್ಕೂಟ ‘ಸಾಕಷ್ಟು ಹಣ’ ಎಂಬ ಪದಗಳನ್ನು ಆದೇಶದಲ್ಲಿ ಬರೆಸಿಕೊಂಡದ್ದರ ಬೆಲೆ ಗೌಟೆಂಗ್ ನೋಡಿದರೆ ತಿಳಿಯುತ್ತದೆ. ದಾನಿಗೂ ಇಲ್ಲಿ ಒಂದು ಪಾಠ: ಕರುಣೆ ಹುಟ್ಟಿಸುವ ಫೋಟೊ ನೋಡಿ ದುಡ್ಡು ಹಾಕುವ ಮೊದಲು ಪರವಾನಗಿ ಇದೆಯೇ, ಎಷ್ಟು ಮಕ್ಕಳಿಗೆ ಎಷ್ಟು ಜನ ಇದ್ದಾರೆ, ಕಳೆದ ವರ್ಷದ ಲೆಕ್ಕ ತೋರಿಸುತ್ತಾರೆಯೇ ಎಂದು ಕೇಳಿ. ಒಳ್ಳೆಯ ಮನೆಯವರು ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ.

ತೀರ್ಪಿನ ನಂತರ

ಬದಲಾವಣೆ ನಿಧಾನವಾಗಿ ಬಂತು. 2015ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಮಾಡಿದಾಗಲೂ ದೇಶದಲ್ಲಿ ಶಾಲೆಯ ಹೊರಗಿದ್ದ ಅಂಗವಿಕಲ ಮಕ್ಕಳ ಸಂಖ್ಯೆ 5 ಲಕ್ಷದಷ್ಟು ಎಂಬ ಅಂದಾಜಿತ್ತು. ಆದರೆ 2017ರಿಂದ ಅತಿ ತೀವ್ರ ಬೌದ್ಧಿಕ ಅಂಗವೈಕಲ್ಯದ ಮಕ್ಕಳಿಗೆಂದೇ ರಾಷ್ಟ್ರ ಸರ್ಕಾರ ಪ್ರಾಂತ್ಯಗಳಿಗೆ ಪ್ರತ್ಯೇಕ ಅನುದಾನ ಕೊಡಲು ಶುರುಮಾಡಿತು. ಥೆರಪಿಸ್ಟ್‌ಗಳು, ಮನಃಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಇರುವ ತಂಡಗಳು ಮನೆಯಿಂದ ಮನೆಗೆ ತಿರುಗಿ ಮಕ್ಕಳನ್ನು ನೋಡುತ್ತವೆ, ಆಯಾಗಳಿಗೆ ಕಲಿಸುತ್ತವೆ. ಈ ಮಕ್ಕಳಿಗಾಗಿ ಪಠ್ಯಕ್ರಮವೂ ಸಿದ್ಧವಾಯಿತು. ಒಂದು ಕಾಲಕ್ಕೆ ‘ಇವರಿಗೆ ಪಾಠ ಯಾಕೆ’ ಎಂದಿದ್ದ ಸರ್ಕಾರವೇ ಇವರಿಗೊಂದು ಪಠ್ಯಕ್ರಮ ಬರೆಸಿತು. ಒಕ್ಕೂಟದ ತಾಯಂದಿರಿಗೆ ಇದು ಸಣ್ಣ ಗೆಲುವಲ್ಲ.

ಕರ್ನಾಟಕದಲ್ಲಿ ಕುಳಿತು ನೆರವಾಗುವವರಿಗೆ ಒಂದೆರಡು ಮಾತು. ಹೊರದೇಶಕ್ಕೆ ದೇಣಿಗೆಯಾಗಿ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಅವಕಾಶವಿದೆ, ಬ್ಯಾಂಕಿನಲ್ಲಿ ಫಾರಂ ತುಂಬಿ ಕಳಿಸಬಹುದು. ಆದರೆ ಇಲ್ಲಿನ ದೇಣಿಗೆಗಳಿಗಿರುವ ತೆರಿಗೆ ವಿನಾಯಿತಿ ಅದಕ್ಕೆ ಸಿಗುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲೇ ದುಡಿದು ಅಲ್ಲಿ ತೆರಿಗೆ ಕಟ್ಟುವ ಕನ್ನಡಿಗರಿದ್ದರೆ, ಅಲ್ಲಿನ 18ಎ ರಸೀದಿ ಕೊಡುವ ಸಂಸ್ಥೆಗೆ ಕೊಟ್ಟಾಗ ಅವರಿಗೆ ರಿಯಾಯಿತಿ ಉಂಟು. ಆ ಮನೆಯ ಎನ್‌ಪಿಒ, ಅಂದರೆ ಲಾಭರಹಿತ ಸಂಸ್ಥೆಯ ನೋಂದಣಿ ಸಂಖ್ಯೆ ಕೇಳಿ ಪಡೆಯಿರಿ. ಹಣವನ್ನು ‘ಇಂಥದ್ದಕ್ಕೇ’ ಎಂದು ಕಟ್ಟಿಹಾಕಬೇಡಿ. ಈ ತಿಂಗಳು ವ್ಯಾನಿನ ಟೈರು ಬೇಕೋ ಫಿಟ್ಸ್ ಮಾತ್ರೆ ಬೇಕೋ ಅವರಿಗೆ ಗೊತ್ತು.

ಇನ್ನೂ ಬಗೆಹರಿಯದ್ದು ವಯಸ್ಸಿನ ವಿಷಯ. ಪೂರ್ತಿ ಆರೈಕೆ ಬೇಕಾದ ಮಗುವಿಗೆಂದು ಮನೆಯವರಿಗೆ ಸಿಗುವ ಸರ್ಕಾರಿ ಮಾಸಾಶನ 18 ತುಂಬಿದ ಮೇಲೆ ನಿಲ್ಲುತ್ತದೆ, ವಯಸ್ಕರ ಅಂಗವಿಕಲ ಮಾಸಾಶನಕ್ಕೆ ಹೊಸದಾಗಿ ಅರ್ಜಿ ಹಾಕಬೇಕು. ಮಕ್ಕಳ ಶಿಕ್ಷಣದ ಅನುದಾನದ ಲೆಕ್ಕದಿಂದಲೂ ಆ ಹುಡುಗ ಆಚೆ ಬೀಳುತ್ತಾನೆ. ಅವನ ತೂಕ ಈಗ ಐವತ್ತು ಕೆ.ಜಿ., ತಾಯಿಗೆ ಸೊಂಟನೋವು. ಹೋಗಲು ಬೇರೆ ಜಾಗವಿಲ್ಲದೆ ಮರುದಿನ ಬೆಳಗ್ಗೆಯೂ ಅದೇ ಮನೆಯ ಬಾಗಿಲಿಗೆ ಬರುತ್ತಾರೆ. ಆಯಾ ಬಾಗಿಲು ತೆಗೆದು, ಅವನ ಬಟ್ಟಲನ್ನು ಉಳಿದವರ ಬಟ್ಟಲುಗಳ ಜೊತೆಗೇ ಇಡುತ್ತಾಳೆ.